ಕನ್ನಡ ಟೈಪಿಸುವ ಕೈಗಳಿಗೆ ಇಬ್ಭಾಗದ ಕೀಲಿಮಣೆ: ಕೊಳ್ಳುವ ಮುನ್ನ ಒಂದಿಷ್ಟು ಮಾಹಿತಿ

ಅಬುಧಾಬಿ: ರಾಜ್ಯೋತ್ಸವ ಹತ್ತಿರ ಬಂತೆಂದರೆ ಸ್ಮರಣ ಸಂಚಿಕೆಯ ಕೆಲಸ ಶುರು. ಕೈಬರಹದಲ್ಲಿ ಬರುವ ಲೇಖನಗಳನ್ನು ಯಾರಾದರೊಬ್ಬರು ಕೂತು ಟೈಪ್ ಮಾಡಲೇಬೇಕು. ಹಗಲು ಆಫೀಸಿನಲ್ಲಿ ಇಂಗ್ಲಿಷ್, ರಾತ್ರಿ ಖಾಲಿದಿಯಾದ ಫ್ಲಾಟಿನ ಊಟದ ಮೇಜಿನ ಮೇಲೆ ಕನ್ನಡ. ಹೀಗೆ ಎರಡು ಪಾಳಿ ದುಡಿದ ನನ್ನ ಮಣಿಕಟ್ಟು ಒಂದು ವರ್ಷ ಕೈಕೊಟ್ಟಿತು. ಹಿರಿಯರೊಬ್ಬರು ತಾವು ಮೊದಲು ಈ ಊರಿಗೆ ಬಂದ ದಿನಗಳ ಬಗ್ಗೆ ಬರೆದ ಲೇಖನ ಟೈಪ್ ಆಗದೆ ಸಂಚಿಕೆಯಿಂದಲೇ ಹೊರಗುಳಿಯಿತು. ಆ ಬೇಸರದಿಂದ ಹುಡುಕಿ ತಿಳಿದುಕೊಂಡ ಸಂಗತಿಗಳು ಇವು.

ಸಾಮಾನ್ಯ ಕೀಲಿಮಣೆಯಲ್ಲಿ ಎರಡೂ ಕೈಗಳು ಎದೆಯ ಮುಂದೆ ಹತ್ತಿರ ಬರುತ್ತವೆ. ಆಗ ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗುತ್ತದೆ. ಕೀಲಿಗಳನ್ನು ಎರಡು ಭಾಗ ಮಾಡಿ ದೂರ ಇಟ್ಟರೆ ಕೈ ಭುಜದಿಂದ ನೇರವಾಗಿ ಚಾಚುತ್ತದೆ. ನಡುಭಾಗ ಸ್ವಲ್ಪ ಎತ್ತರವಿದ್ದರೆ ಅಂಗೈ ಪೂರ್ತಿ ಮಗುಚುವುದೂ ತಪ್ಪುತ್ತದೆ. 1994ರಲ್ಲಿ ಬಂದ ಮೈಕ್ರೋಸಾಫ್ಟ್ ನ್ಯಾಚುರಲ್ ಕೀಬೋರ್ಡ್ ಈ ವಿನ್ಯಾಸವನ್ನು ಮನೆಮನೆಗೆ ಪರಿಚಯಿಸಿತು.

ಇದರಲ್ಲಿ ಎರಡು ಬಗೆ. 2020ರಲ್ಲಿ ಬಂದ ಲಾಜಿಟೆಕ್ ಎರ್ಗೋ ಕೆ860ರಂತೆ ಒಂದೇ ಹಲಗೆಯಲ್ಲಿ ಬಾಗಿದ್ದು ಒಂದು. ಕಿನೆಸಿಸ್ ಫ್ರೀಸ್ಟೈಲ್2ರಂತೆ ತಂತಿಯಿಂದ ಜೋಡಿಸಿದ ಎರಡು ತುಂಡು ಇನ್ನೊಂದು. ಮೊದಲನೆಯದಕ್ಕೆ ಬೇಗ ಕೈ ಒಗ್ಗುತ್ತದೆ. ಎರಡನೆಯದನ್ನು ನಮ್ಮ ಭುಜದ ಅಗಲಕ್ಕೆ ತಕ್ಕಂತೆ ಸರಿಸಬಹುದು. ಊಟದ ಹೊತ್ತಿಗೆ ಮಡಚಿ ಎತ್ತಿಡಲೂ ಸುಲಭ!

ಇನ್ನು ನಮ್ಮ ಕನ್ನಡದ ಮಾತು. ನುಡಿ ತಂತ್ರಾಂಶದಲ್ಲಿರುವುದು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಜೋಡಣೆ. ಅದರಲ್ಲಿ ಒತ್ತಕ್ಷರ ತರುವ ಕೀಲಿ ಇಂಗ್ಲಿಷಿನ 'ಎಫ್', ಅಂದರೆ ಎಡ ತೋರುಬೆರಳಿನ ಕೆಳಗೇ ಇದೆ. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು: ಬಲ, ಬಲ, ಎಡ, ಬಲ, ಎಡ. ವಿಂಡೋಸಿನ ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಎರಡೂ ಜೋಡಣೆಗಳು ಇಬ್ಭಾಗದ ಕೀಲಿಮಣೆಗೆ ಚೆನ್ನಾಗಿ ಹೊಂದುತ್ತವೆ. ಆದರೆ ಎರಡು ಬೆರಳಲ್ಲಿ ಹುಡುಕಿ ಕುಟ್ಟುವವರಿಗೆ ಇದರ ಪ್ರಯೋಜನ ಕಡಿಮೆ; ಅವರು ಮೊದಲು ಹತ್ತು ಬೆರಳ ಅಭ್ಯಾಸ ಮಾಡುವುದು ಒಳ್ಳೆಯದು.

ಅಂಗಡಿಯಲ್ಲಿ ಗಮನಿಸಬೇಕಾದ್ದು: 'ಬಿ' ಕೀಲಿ ಸಾಮಾನ್ಯವಾಗಿ ಎಡ ತುಂಡಿನಲ್ಲಿರುತ್ತದೆ. ಅದನ್ನು ಬಲಗೈಯಲ್ಲಿ ಒತ್ತಿ ರೂಢಿಯಾದವರ ಬೆರಳು ಖಾಲಿ ಜಾಗಕ್ಕೆ ಬೀಳುತ್ತದೆ. ಬಲಬದಿಯಲ್ಲಿ ಅಂಕಿಗಳ ಕೀಲಿಗುಂಪು ಇಲ್ಲದಿದ್ದರೆ ಮೌಸ್ ಕೈಗೆ ಹತ್ತಿರವಾಗುತ್ತದೆ. ಇಲ್ಲಿ ಸಿಗುವ ಕೀಲಿಗಳ ಮೇಲೆ ಅರೇಬಿಕ್ ಅಕ್ಷರ ಅಚ್ಚಾಗಿದ್ದರೆ ಚಿಂತೆ ಬೇಡ. ಯಾವ ಅಕ್ಷರ ಮೂಡಬೇಕೆಂದು ನಿರ್ಧರಿಸುವುದು ಕಂಪ್ಯೂಟರ್. ಹಿಂದಿರುಗಿಸಲು ಎಷ್ಟು ದಿನ ಅವಕಾಶವಿದೆ ಎಂದು ಕೇಳಿಕೊಂಡೇ ಕೊಳ್ಳಿ. ಮೊದಲ ಒಂದೆರಡು ವಾರ ವೇಗ ಕುಗ್ಗುವುದು ಸಹಜ, ಧೈರ್ಯಗೆಡಬೇಡಿ.

ಕೊನೆಯದಾಗಿ, ಕೀಲಿಮಣೆ ಔಷಧಿಯಲ್ಲ. ಬೆರಳು ಜೋಮು ಹಿಡಿಯುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿರಿ. ಊಟದ ಮೇಜು ಎತ್ತರವೆನಿಸಿದರೆ ಕುರ್ಚಿಗೆ ದಿಂಬು ಹಾಕಿ, ಮೊಣಕೈ ಕೀಲಿಗಳ ಮಟ್ಟಕ್ಕೆ ಬರಲಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಿ.

ಎಲ್ಲಕ್ಕಿಂತ ಮುಖ್ಯವಾಗಿ, ಟೈಪಿಂಗ್ ಕೆಲಸವನ್ನು ಹಂಚಿಕೊಳ್ಳೋಣ. ನಾಲ್ಕು ಮನೆಯವರು ಐದೈದು ಪುಟ ವಹಿಸಿಕೊಂಡರೆ ಯಾರ ಕೈಯೂ ಸೋಲದು, ಯಾವ ಹಿರಿಯರ ಬರಹವೂ ಹೊರಗುಳಿಯದು. ಅಂದು ಉಳಿದುಹೋದ ಆ ಲೇಖನ ಮರುವರ್ಷದ ಸಂಚಿಕೆಯ ಮೊದಲ ಪುಟದಲ್ಲೇ ಬಂತು ಎನ್ನುವುದು ಸಂತೋಷದ ಸಂಗತಿ.