ನೆಟ್‌ವರ್ಕ್ ಸತ್ತರೂ ಓಗೊಡುವ ಯಂತ್ರ

ಚಾರ್ಮಾಡಿ ರಸ್ತೆಯಿಂದ ತುಸು ಒಳಗಿರುವ ಆ ಮನೆಯ ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಚಾವಡಿಯಲ್ಲಿ ಆ ಮನೆಯ ಹುಡುಗನ ಲ್ಯಾಪ್‌ಟಾಪ್. ಬೆಂಗಳೂರಿನ ಕಂಪನಿಯೊಂದರ ಸರ್ವರ್ ನೋಡಿಕೊಳ್ಳುವ ಕೆಲಸ. 2020ರ ಲಾಕ್‌ಡೌನಿಗೆ ಊರಿಗೆ ಬಂದವನು ಇಲ್ಲೇ ಉಳಿದಿದ್ದಾನೆ.

ನಾನು ಹೋದ ಹೊತ್ತಿಗೆ ಒಂದು ವರ್ಚುವಲ್ ಮೆಷೀನ್ ಕೈಕೊಟ್ಟಿತ್ತು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಉತ್ತರವಿಲ್ಲ. ಪರದೆಯನ್ನೇ ಚಿತ್ರವಾಗಿ ತರಿಸೋಣವೆಂದರೆ ಅವನಿಗೆ ಸಿಗುತ್ತಿದ್ದ ಸಿಗ್ನಲ್‌ನಲ್ಲಿ ಅರ್ಧ ಚಿತ್ರವೂ ಇಳಿಯುತ್ತಿರಲಿಲ್ಲ.

"ಕನ್ಸೋಲ್ ಪೋರ್ಟ್ 4555ರಲ್ಲಿ ಉಂಟು ಸರ್" ಎಂದ. ಆ ವರ್ಚುವಲ್ ಮೆಷೀನನ್ನು ಹೊತ್ತ ಹೋಸ್ಟ್ ಯಂತ್ರಕ್ಕೆ ಲಾಗಿನ್ ಆಗಿ, ಅಲ್ಲಿಂದ ಟೆಲ್ನೆಟ್ ಮಾಡಿ, ಎಂಟರ್ ಒತ್ತಿದ. ಕಪ್ಪು ಪರದೆಯ ಮೇಲೆ 'ಲಾಗಿನ್' ಎಂಬ ಪದ ಮೂಡಿತು. ನೆಟ್‌ವರ್ಕೇ ಇಲ್ಲದ ಯಂತ್ರ ನೆಟ್‌ವರ್ಕ್ ಮೂಲಕ ಮಾತಾಡಿದ ಈ ಚೋದ್ಯ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ.

ಗುಟ್ಟು ಸರಳ. ಕ್ಯೂಇಎಂಯು ಎಂಬ ತಂತ್ರಾಂಶ ತಾನು ಸೃಷ್ಟಿಸುವ ವರ್ಚುವಲ್ ಯಂತ್ರಕ್ಕೊಂದು ಸುಳ್ಳು ಸೀರಿಯಲ್ ಪೋರ್ಟನ್ನೂ ಕೊಡುತ್ತದೆ. ಒಳಗಿನ ಲಿನಕ್ಸ್ ಅದಕ್ಕೆ ಅಕ್ಷರ ಕಳಿಸಿದರೆ, ಕ್ಯೂಇಎಂಯು ಅವನ್ನು ಹೋಸ್ಟ್‌ನ ಟಿಸಿಪಿ ಪೋರ್ಟಿಗೆ ದಾಟಿಸುತ್ತದೆ. ದಾರಿ ಹೋಸ್ಟ್‌ನದು. ಹಾಗಾಗಿ ಒಳಗಿನ ನೆಟ್‌ವರ್ಕ್ ಸತ್ತಿದ್ದರೂ ಬಾಧೆಯಿಲ್ಲ. ಹೋಗಿಬರುವುದು ಬರೀ ಅಕ್ಷರ, ಬಡಕಲು ಸಿಗ್ನಲ್ಲೇ ಧಾರಾಳ ಸಾಕು.

ಹೊಸ ಸಂಗತಿಯೇನಲ್ಲ. 1972ರ ಐಬಿಎಂ ವಿಎಂ/370ರಲ್ಲಿ ಬಳಕೆದಾರನ ಟರ್ಮಿನಲ್ಲೇ ಅವನ ವರ್ಚುವಲ್ ಯಂತ್ರದ ಕನ್ಸೋಲ್. ಟೆಲ್ನೆಟ್ 1969ರದು. ಫ್ಯಾಬ್ರಿಸ್ ಬೆಲ್ಲಾರ್ಡ್ ಕ್ಯೂಇಎಂಯು ಹೊರತಂದದ್ದು 2003ರಲ್ಲಿ. ಅದಕ್ಕೆ ವೇಗ ಕೊಟ್ಟ ಕೆವಿಎಂ 2007ರಲ್ಲಿ ಲಿನಕ್ಸ್ ಕರ್ನಲ್ ಸೇರಿತು.

ನನಗೆ ಮೋಜೆನಿಸಿದ್ದು ಬೇರೆಯೇ. ಒಳಗಿನ ಕರ್ನಲ್‌ಗೆ ಕನ್ಸೋಲ್ ತೋರಿಸುವ ಸಾಲಿನಲ್ಲಿ ಅವನು ವೇಗ 115200 ಎಂದು ಬರೆದಿದ್ದ. ಹಳೆಯ ಪಿಸಿಗಳ ಸೀರಿಯಲ್ ಚಿಪ್‌ಗೆ 1.8432 ಮೆಗಾಹರ್ಟ್ಸ್ ಹರಳು ಕಟ್ಟಿರುತ್ತಿತ್ತು. ಅದನ್ನು 16ರಿಂದ ಭಾಗಿಸಿದರೆ ಸರಿಯಾಗಿ 115200. ಆ 115200ನ್ನು 12ರಿಂದ ಭಾಗಿಸಿ, 9600. 48ರಿಂದ ಭಾಗಿಸಿ, 2400. ಮೋಡೆಮ್‌ಗಳ ಇಂಥ ಸಾಮಾನ್ಯ ವೇಗಗಳು ಈ ಒಂದು ಹರಳಿನಿಂದ ಚುಕ್ಕಿ ತಪ್ಪದೆ ಹೊರಡುತ್ತಿದ್ದವು. ಒಂದು ಅಕ್ಷರಕ್ಕೆ ಹತ್ತು ಬಿಟ್ ಎಂದರೆ ಸೆಕೆಂಡಿಗೆ 11520 ಅಕ್ಷರ. ಆದರೆ ಇಲ್ಲಿ ಹರಳಿಲ್ಲ, ತಂತಿಯಿಲ್ಲ, ಚಿಪ್ಪೂ ಇಲ್ಲ! ಟಿಸಿಪಿಗೆ ಈ ವೇಗದ ಗೊಡವೆಯೇ ಇಲ್ಲ. ಆದರೂ ಎಲ್ಲರೂ ಅದೇ ಸಂಖ್ಯೆ ಬರೆಯುತ್ತಾರೆ, ದೈವದ ಭಂಡಾರದಲ್ಲಿ ಯಾರೂ ಬೀಸದ ಹಳೆಯ ಕತ್ತಿಯನ್ನು ಉಜ್ಜಿಡುವ ಹಾಗೆ.

ಇನ್ನೊಂದು ತಮಾಷೆ 'ನೋವೇಟ್'. ಪೋರ್ಟನ್ನು ಸರ್ವರ್ ಎಂದು ತೆರೆದು ಈ ಪದ ಸೇರಿಸದಿದ್ದರೆ, ಯಾರಾದರೂ ಬಂದು ಸಂಪರ್ಕಿಸುವವರೆಗೆ ವರ್ಚುವಲ್ ಯಂತ್ರ ಬೂಟ್ ಆಗುವುದೇ ಇಲ್ಲ. ಬೂಟಿನ ಮೊದಲ ಸಾಲೂ ತಪ್ಪಬಾರದೆಂದು ಪರೀಕ್ಷೆಯ ಯಂತ್ರಗಳಲ್ಲಿ ಹುಡುಗ ಬೇಕೆಂದೇ ಅದನ್ನು ಬಿಡುತ್ತಾನಂತೆ.

ನನ್ನ ಅನುಮಾನ ಭದ್ರತೆಯದು. ಈ ಪೋರ್ಟಿಗೆ ಸ್ವಂತ ಪಾಸ್‌ವರ್ಡ್ ಇಲ್ಲ, ಟೆಲ್ನೆಟ್‌ನಲ್ಲಿ ಹೋಗುವುದೆಲ್ಲ ಬಯಲು. ಬೂಟ್ ಮೆನು ಇಲ್ಲಿ ಕಾಣುವಂತಿದ್ದು ಅದಕ್ಕೆ ಬೀಗವಿಲ್ಲದಿದ್ದರೆ, ಒಳಬಂದವನು ಲಾಗಿನ್ ಕೇಳುವ ಮೊದಲೇ ಯಜಮಾನನಾಗಬಹುದು. ಪೋರ್ಟನ್ನು ಹೋಸ್ಟ್ ಒಳಗಷ್ಟೇ ಸಿಗುವ 127.0.0.1 ವಿಳಾಸಕ್ಕೆ ಕಟ್ಟಿ, ಎಸ್‌ಎಸ್‌ಎಚ್ ಮೂಲಕವಷ್ಟೇ ಅಲ್ಲಿಗೆ ಹೋಗುವುದು ಕ್ರಮ. ಹುಡುಗ ಮಾಡಿದ್ದೂ ಅದನ್ನೇ. ಎಲ್ಲ ವಿಳಾಸಗಳಿಗೂ ತೆರೆದಿಟ್ಟು, "ಒಳಗಿನ ನೆಟ್‌ವರ್ಕ್ ತಾನೆ" ಎನ್ನುವವರ ಧೈರ್ಯ ನನಗಿಲ್ಲ.

ಅಂದಹಾಗೆ, ಆ ದಿನದ ರೋಗ ಒಳಗಿನ ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲಾನ್ ಫೈಲಿನಲ್ಲಿತ್ತು. ಒಂದು ಸಾಲಿನ ಮುಂದೆ ಒಂದು ಸ್ಪೇಸ್ ಹೆಚ್ಚು.