ಕಾವಲಿನ ಕಣಗಳೇ ತಿರುಗಿಬಿದ್ದಾಗ

ಮನೆಯ ಸೊಸೆಯೋ ಮಗಳೋ ತೀರದ ದಣಿವು, ಬೆರಳ ಕೀಲುಗಳ ನೋವು, ಬಿಸಿಲಿಗೆ ಹೋದರೆ ಕೆನ್ನೆಯ ಮೇಲೇಳುವ ಕೆಂಪು ಎಂದು ಹೇಳಿಕೊಂಡರೆ, ‘ಉಷ್ಣವಾಗಿದೆ’ ಎಂದು ಎಳನೀರು ಕೊಟ್ಟು ಸುಮ್ಮನಾಗುವ ರೂಢಿ ನಮ್ಮಲ್ಲಿದೆ. ಅದು ಉಷ್ಣವೇ ಇರಬಹುದು. ಲೂಪಸ್ ಎಂಬ ವ್ಯಾಧಿಯೂ ಇರಬಹುದು. ಈ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸ್ತ್ರೀಯರು, ಅವರಲ್ಲಿಯೂ ಹೆಚ್ಚಿನವರು ಹೆರುವ ವಯಸ್ಸಿನವರು. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ.

ನಮ್ಮ ರಕ್ತದಲ್ಲಿ ‘ಬಿ’ ಕಣಗಳೆಂಬ ಬಿಳಿಯ ಕಣಗಳಿವೆ. ರೋಗಾಣು ಹೊಕ್ಕಾಗ ಇವು ಪ್ಲಾಸ್ಮಾ ಕಣಗಳಾಗಿ ಮಾರ್ಪಟ್ಟು, ಕ್ಷಣಕ್ಕೆ ಸಾವಿರಾರು ಪ್ರತಿಕಾಯಗಳನ್ನು ಸುರಿಸುತ್ತವೆ. ಸ್ವಂತ ದೇಹವನ್ನೇ ಹಗೆಯೆಂದು ಎಣಿಸುವ ಬಿ ಕಣಗಳು ಎಲ್ಲರಲ್ಲಿಯೂ ಹುಟ್ಟುತ್ತವೆ. ಆದರೆ ಅವುಗಳಲ್ಲಿ ಬಹುಪಾಲನ್ನು ದೇಹವು ಮೂಳೆಯ ಮಜ್ಜೆಯಲ್ಲಿಯೇ ಜರಡಿ ಹಿಡಿದು ಅಳಿಸಿಬಿಡುತ್ತದೆ. ಲೂಪಸ್‌ನಲ್ಲಿ ಈ ಜರಡಿ ಹರಿದಿರುತ್ತದೆ. ಪಾರಾದ ಕಣಗಳು ನಮ್ಮದೇ ಜೀವಕೋಶಗಳ ಡಿ.ಎನ್.ಎ.ಗೆ ಎದುರಾಗಿ ಪ್ರತಿಕಾಯಗಳನ್ನು ತಯಾರಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಈ ಪ್ರತಿಕಾಯಗಳು ಮೊದಲು ಗುರುತಿಗೆ ಬಂದದ್ದು 1957ರಲ್ಲಿ. ಇವು ಮೂತ್ರಪಿಂಡದಲ್ಲಿ ಬೀಡುಬಿಟ್ಟು ಉರಿಯೂತವೆಬ್ಬಿಸುವುದೇ ರೋಗದ ಅತಿ ಕ್ರೂರ ಮುಖ.

ಆರೋಗ್ಯವಂತರ ರಕ್ತದಲ್ಲಿ ಎಳೆಯ ಪ್ಲಾಸ್ಮಾ ಕಣಗಳು ಅತಿ ವಿರಳ. ಲಸಿಕೆ ಹಾಕಿಸಿಕೊಂಡ ಒಂದು ವಾರಕ್ಕೆ ಏರುತ್ತವೆ, ಅನಂತರ ಇಳಿಯುತ್ತವೆ. ಲೂಪಸ್ ಕೆರಳಿದಾಗಲಾದರೋ ಲಸಿಕೆಯಿಲ್ಲದೆಯೇ ಏರಿ ನಿಲ್ಲುತ್ತವೆ. ಇನ್ನು ಕೆಲವು ಪ್ಲಾಸ್ಮಾ ಕಣಗಳು ಮಜ್ಜೆಯಲ್ಲಿ ಅಡಗಿ ವರ್ಷಗಟ್ಟಲೆ ಬದುಕುತ್ತವೆ. ಬಿ ಕಣಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಇವುಗಳನ್ನು ತಾಕಲಾರದು. ಏಕೆಂದರೆ ಅದು ಹುಡುಕುವ ಗುರುತು ಪ್ಲಾಸ್ಮಾ ಕಣದ ಮೈಮೇಲೆ ಉಳಿದಿರುವುದಿಲ್ಲ. ನೋವು ಅಡಗಿದರೂ ರೋಗದ ಬೇರು ಉಳಿದಿರಬಹುದು. ‘ಈಗ ಚೆನ್ನಾಗಿದ್ದಾಳಲ್ಲ’ ಎಂದು ಮನೆಯ ಹಿರಿಯರು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ನಿಲ್ಲಿಸಿಬಿಡುವುದು ಆದ್ದರಿಂದಲೇ ಅಪಾಯಕರ. ವೈದ್ಯರು ಹೇಳಿದಂತೆ ಕಣ್ಣಿನ ತಪಾಸಣೆ ಮಾಡಿಸುತ್ತ ಅದನ್ನು ಮುಂದುವರಿಸಬೇಕು. ಗರ್ಭಿಣಿಯರಿಗೂ ಅದನ್ನು ಕೊಡುವುದುಂಟು.

ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದ ವೈದ್ಯರು 2021ರಲ್ಲಿ ಒಂದು ವಿಸ್ಮಯಕರ ವರದಿಯನ್ನು ಪ್ರಕಟಿಸಿದರು. ಇಪ್ಪತ್ತರ ಹರೆಯದ ರೋಗಿಯೊಬ್ಬಳ ರಕ್ತದಿಂದಲೇ ‘ಟಿ’ ಕಣಗಳನ್ನು ತೆಗೆದು, ಬಿ ಕಣಗಳನ್ನು ಬೇಟೆಯಾಡುವಂತೆ ಅವುಗಳನ್ನು ತಿದ್ದಿ, ಮರಳಿ ಅವಳಿಗೇ ಏರಿಸಿದ್ದರು. 2022ರಲ್ಲಿ ಐವರು ರೋಗಿಗಳ ವೃತ್ತಾಂತ ಬಂದಿತು. ಕೆಲವು ತಿಂಗಳಲ್ಲಿ ಬಿ ಕಣಗಳು ಮತ್ತೆ ಹುಟ್ಟಿದುವು. ಆದರೆ ಅವು ಹಗೆಯ ನೆನಪಿಲ್ಲದ ಹೊಸ ಕಣಗಳು. ಆ ಅವಧಿಯಲ್ಲಿ ಐವರಿಗೂ ಲೂಪಸ್ ಔಷಧ ಬೇಕಾಗಲಿಲ್ಲ. ಈ ಚಿಕಿತ್ಸೆ ಅತಿ ದುಬಾರಿ, ಸಾಮಾನ್ಯರ ಕೈಗೆ ನಿಲುಕುವಂಥದಲ್ಲ.

ನಿಲುಕುವುದು ಮೂತ್ರಪರೀಕ್ಷೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದುದನ್ನು ಅದು ನೋವಿಗಿಂತ ಮೊದಲೇ ತಿಳಿಸಬಲ್ಲುದು. ಮದುವೆಯ ಮಾತು ಕೆಡುವುದೆಂದು ಮಗಳ ಕಾಯಿಲೆಯನ್ನು ಮುಚ್ಚಿಡುವ ತಾಯಂದಿರ ಸಂಕಟ ಅರ್ಥವಾಗುತ್ತದೆ. ಆದರೂ ಒಂದು ಮಾತು ಅವರಿಗೆ ತಿಳಿದಿರಲಿ: ಆರು ತಿಂಗಳಾದರೂ ರೋಗ ಶಾಂತವಾಗಿದ್ದು, ವೈದ್ಯರ ಸಲಹೆಯಂತೆ ಗರ್ಭ ಧರಿಸಿದ ಲೂಪಸ್ ರೋಗಿಗಳಲ್ಲಿ ಬಹುಮಂದಿ ಆರೋಗ್ಯವಂತ ಮಕ್ಕಳ ತಾಯಂದಿರಾಗಿದ್ದಾರೆ.