ಹಾಡು, ಆಲ್ಬಮ್, ಸಾಲು: ಮಂಡ್ಯ ಸೀಮೆಯ ಹಳೆಯ ಕ್ಯಾಸೆಟ್‌ಗಳ ಮರುಶ್ರವಣ

ಹಿಂದಿನ ದಶಕಗಳ ಜನಪ್ರಿಯ ಸಂಗೀತವನ್ನು ಮತ್ತೆ ಕೇಳುವ ರೂಢಿ ಪಾಶ್ಚಾತ್ಯ ದೇಶಗಳಲ್ಲಿ ಎರಡು ದಾರಿಗಳಲ್ಲಿ ಬೆಳೆದಿದೆ. ಮೊದಲನೆಯದು ಚಾರ್ಟ್, ಅಂದರೆ ಮಾರಾಟ ಮತ್ತು ರೇಡಿಯೊ ಪ್ರಸಾರದ ಲೆಕ್ಕ ಹಿಡಿದು ಬಿಡಿ ಹಾಡುಗಳಿಗೆ ವಾರವಾರವೂ ಸ್ಥಾನ ಕೊಡುವ ಪಟ್ಟಿ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ 1958ರಲ್ಲಿ ಆರಂಭಿಸಿದ ನೂರು ಹಾಡುಗಳ ಪಟ್ಟಿ ಇವುಗಳಲ್ಲಿ ಪ್ರಸಿದ್ಧವಾದುದು. ಎರಡನೆಯದು ಆಲ್ಬಮ್. 1948ರಲ್ಲಿ ಬಂದ ಎಲ್‌ಪಿ ತಟ್ಟೆಯ ಒಂದೊಂದು ಬದಿಯಲ್ಲೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸುವಂತಾದ ಮೇಲೆ, ಹಲವು ಹಾಡುಗಳನ್ನು ಗೊತ್ತಾದ ಅನುಕ್ರಮದಲ್ಲಿ ಜೋಡಿಸಿ ಒಂದೇ ಕೃತಿಯಾಗಿ ರೂಪಿಸಲು ಅವಕಾಶವಾಯಿತು. ರಾಕ್ ತಂಡವಾದ ಪಿಂಕ್ ಫ್ಲಾಯ್ಡ್ 1973ರಲ್ಲಿ ಹೊರತಂದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಇಂಥ ಕೃತಿಗೆ ಮಾದರಿಯೆನಿಸಿದೆ.

ಈ ಭೇದವನ್ನು ಮದ್ದೂರು ತಾಲ್ಲೂಕಿನ ಹೋಬಳಿ ಕೇಂದ್ರವೂ ಕಾಲಭೈರವೇಶ್ವರನ ಗುಡಿ ಮತ್ತು ಅಲ್ಲಿನ ದೇವರ ಬಸವನಾದ ಬಸಪ್ಪನಿಂದಾಗಿ ಸುತ್ತಲ ಸೀಮೆಗೆ ಪರಿಚಿತವೂ ಆದ ಚಿಕ್ಕರಸಿನಕೆರೆಯಂಥ ಊರಿನ ಕಡೆಯಿಂದ ನೋಡಿದರೆ, ಚಾರ್ಟಿನ ಕೆಲಸವನ್ನು ಇಲ್ಲಿ ಯಾವ ಪತ್ರಿಕೆಯೂ ಮಾಡಲಿಲ್ಲವೆಂಬುದು ತಿಳಿಯುತ್ತದೆ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳು ಮತ್ತು ಮದುವೆ, ಹಬ್ಬ, ಜಾತ್ರೆಗಳಲ್ಲಿ ಮರಕ್ಕೋ ಕಂಬಕ್ಕೋ ಕಟ್ಟುತ್ತಿದ್ದ ಮೈಕ್ ಸೆಟ್‌ಗಳೇ ಯಾವ ಹಾಡು ಉಳಿಯಬೇಕೆಂಬುದನ್ನು ತೀರ್ಮಾನಿಸಿದವು. ಅವು ಉಳಿಸಿದ್ದು ಹೆಚ್ಚಾಗಿ ಸಿನಿಮಾ ಹಾಡುಗಳನ್ನು. ಜಿ.ಕೆ. ವೆಂಕಟೇಶ್ ಸಂಗೀತದ ‘ಬಂಗಾರದ ಮನುಷ್ಯ’ (1972), ಸಾಹಿತ್ಯ ಮತ್ತು ಸಂಗೀತ ಎರಡನ್ನೂ ಹಂಸಲೇಖ ನಿರ್ವಹಿಸಿದ ‘ಪ್ರೇಮಲೋಕ’ (1987), ವಿ. ಮನೋಹರ್ ಸಂಗೀತದ ‘ಜನುಮದ ಜೋಡಿ’ (1996), ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯವರಾದ ಪ್ರೇಮ್ ನಿರ್ದೇಶಿಸಿ ಗುರುಕಿರಣ್ ಸಂಗೀತ ನೀಡಿದ ‘ಜೋಗಿ’ (2005) ಈ ಸಾಲಿನ ಮುಖ್ಯ ಮೈಲಿಗಲ್ಲುಗಳು. ಇವುಗಳಲ್ಲಿ ಕೊನೆಯ ಎರಡರ ಗೆಲುವಿನ ಹಿಂದೆ ಹಳೆ ಮೈಸೂರು ಸೀಮೆಯ ಜನಪದ ಗಾಯನದ ಧಾಟಿಯಿದೆ ಎಂಬುದು ಗಮನಾರ್ಹ.

ಸಿನಿಮಾದ ಹೊರಗೆ ಆಲ್ಬಮ್ ಎಂಬ ರೂಪ ಕನ್ನಡದಲ್ಲಿ ಗಟ್ಟಿಯಾದದ್ದು ಭಾವಗೀತೆಯ ಮೂಲಕ. ಅಚ್ಚಾದ ಕವಿತೆಗೆ ರಾಗ ಸಂಯೋಜಿಸಿ ಹಾಡುವ ಈ ಪ್ರಕಾರದಲ್ಲಿ, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಕೊಟ್ಟ ‘ನಿತ್ಯೋತ್ಸವ’ 1978ರಲ್ಲಿ ಬಂದು ಮುಂದಿನವರಿಗೆ ದಾರಿ ತೋರಿಸಿತು. ಮಂಡ್ಯ ಜಿಲ್ಲೆಯ ಮಟ್ಟಿಗೆ ಇನ್ನೂ ಹತ್ತಿರದ್ದು ಸಿ. ಅಶ್ವತ್ಥ್ ಸಂಯೋಜನೆಯ ‘ಮೈಸೂರು ಮಲ್ಲಿಗೆ’. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಇದೇ ಹೆಸರಿನ ಕವನ ಸಂಕಲನ 1942ರಲ್ಲಿ ಪ್ರಕಟವಾಗಿತ್ತು. ಬಳೆಗಾರ, ಶಾನುಭೋಗರ ಮಗಳು, ತವರಿನ ಹಂಬಲದ ಹೆಂಡತಿ, ಮಾವನ ಮನೆಗೆ ಬರುವ ಅಳಿಯ ಪುಸ್ತಕದಲ್ಲಿ ಬೇರೆ ಬೇರೆ ಪುಟಗಳಲ್ಲಿದ್ದರೂ, ಕ್ಯಾಸೆಟ್‌ನಲ್ಲಿ ಗಂಡು ಹೆಣ್ಣಿನ ದನಿಗಳು ಬದಲಾಗುತ್ತ ಹಾಡಿನ ಹಿಂದೆ ಹಾಡು ಬಂದಾಗ ಒಂದೇ ಊರಿನ, ಒಂದೇ ದಾಂಪತ್ಯದ ಕಥೆಯಾಗಿ ಕೇಳಿಸತೊಡಗಿದವು. ಟಿ.ಎಸ್. ನಾಗಾಭರಣ ಇದೇ ಕವಿತೆಗಳನ್ನು ಹೆಣೆದು ಚಲನಚಿತ್ರ ಮಾಡಿದ್ದೂ, ಅದರ ಗೀತರಚನೆಗಾಗಿ ಕವಿಗೆ ರಾಷ್ಟ್ರಪ್ರಶಸ್ತಿ ಬಂದದ್ದೂ ಆ ಕೇಳ್ಮೆಯ ಮುಂದುವರಿಕೆಯೆಂದೇ ಹೇಳಬೇಕು.

ಆದರೆ ಹಾಡನ್ನು ಇಡಿಯಾಗಿ ಕೇಳುವ ಅಭ್ಯಾಸ ಈ ಸೀಮೆಗೆ ಕ್ಯಾಸೆಟ್ ಕಲಿಸಿದ್ದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವನ್ನು ಮುಖ್ಯ ನೆಲೆಯಾಗಿ ಉಳ್ಳ ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ, ದಮ್ಮಡಿ, ಗಗ್ಗರ, ತಾಳಗಳೊಂದಿಗೆ, ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಒಕ್ಕಲಾದ ದೇವರಗುಡ್ಡರು ಕಂಸಾಳೆಯೊಂದಿಗೆ ರಾತ್ರಿಯಿಡೀ ಹಾಡುವ ಕಥನಗಳು ‘ಸಾಲು’ ಎಂಬ ಭಾಗಗಳಾಗಿ ವಿಂಗಡಣೆಗೊಂಡಿವೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಮೊದಲಾದ ಒಂದೊಂದೂ ತನ್ನಷ್ಟಕ್ಕೆ ಪೂರ್ಣವಾದ ಕಥೆಯಾಗಿದ್ದು, ಎಲ್ಲವೂ ಸೇರಿ ಮಹಾಕಾವ್ಯವಾಗುತ್ತವೆ. ಮುಂದಾಳು ಗಾಯಕ ಸ್ವಲ್ಪ ದೂರ ಮಾತಿನಲ್ಲೇ ಕಥೆ ನಡೆಸಿ, ಉಸಿರು ಕಟ್ಟಿ ದನಿಯೇರಿಸಿ ಹಾಡಿಗೆ ತಿರುಗಿದಾಗ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕಥನಗಳು ಕ್ಯಾಸೆಟ್‌ಗೆ ಇಳಿದಾಗ, ಅರವತ್ತು ನಿಮಿಷದ ಟೇಪಿನ ಒಂದು ಬದಿ ಮೂವತ್ತು ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ, ಕಥೆಗೆ ಅಲ್ಲೊಂದು ತಂಗುದಾಣ ಹುಡುಕಬೇಕಾಯಿತು. ರಾತ್ರಿಯ ಕಾವ್ಯ ಹೀಗೆ ಕಂತುಗಳಾಯಿತಾದರೂ ಅನುಕ್ರಮ ಕೆಡಲಿಲ್ಲ, ಏಕೆಂದರೆ ಕ್ಯಾಸೆಟ್‌ನಲ್ಲಿ ನಡುವಿನದನ್ನು ಹಾರಿಸಿ ಮುಂದಕ್ಕೆ ಹೋಗುವುದು ತ್ರಾಸದ ಕೆಲಸವಾಗಿತ್ತು.

ಇಂದಿನ ಮೊಬೈಲ್‌ನಲ್ಲಿ ಆ ತ್ರಾಸವಿಲ್ಲ, ಮತ್ತು ಆಲ್ಬಮ್ ಸಡಿಲವಾಗುತ್ತಿರುವುದೂ ಇದೇ ಕಾರಣಕ್ಕೆ. ‘ಮೈಸೂರು ಮಲ್ಲಿಗೆ’ಯ ಎರಡು ಮೂರು ಹಾಡುಗಳು ಎಲ್ಲೆಡೆ ಕೇಳಿಬರುತ್ತವೆ, ಉಳಿದವನ್ನು ಹುಡುಕುವವರು ಕಡಿಮೆ, ಮಾದಪ್ಪನ ಕಥನದಿಂದಲೂ ಕುಣಿತಕ್ಕೆ ಒದಗುವ ತುಣುಕುಗಳಷ್ಟೇ ಮುಂದೆ ಬರುತ್ತವೆ. ಮರುಶ್ರವಣಕ್ಕೆ ತಾಂತ್ರಿಕ ಸಿದ್ಧತೆಯೂ ಬೇಕು. ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮನ್ನು 2017ರಲ್ಲಿ ಹೊಸದಾಗಿ ಮಿಶ್ರಣ ಮಾಡಲು ಸಾಧ್ಯವಾದದ್ದು ಸ್ಟುಡಿಯೊದ ಮೂಲ ಟೇಪುಗಳು ಜೋಪಾನವಾಗಿ ಉಳಿದಿದ್ದರಿಂದ. ಮಾರಾಟದ ಕ್ಯಾಸೆಟ್ ಮಾತ್ರ ಕೈಗೆ ಸಿಕ್ಕರೆ ಟೇಪಿನ ಸುಯ್ಲನ್ನು ತಗ್ಗಿಸಬಹುದೇ ಹೊರತು, ದನಿಯ ಹಿಂದೆ ಅಡಗಿದ ತಂಬೂರಿಯನ್ನು ಬಿಡಿಸಿ ಮೇಲೆತ್ತುವುದು ಸುಲಭವಲ್ಲ.

ಆದುದರಿಂದ ಹಳೆಯ ಧ್ವನಿಮುದ್ರಣವನ್ನು ಡಿಜಿಟಲ್ ರೂಪಕ್ಕೆ ತರುವವರು ಹಾಡುಗಳ ಅನುಕ್ರಮ, ಬದಿಗಳ ವಿಂಗಡಣೆ, ಹಿಮ್ಮೇಳ ಮತ್ತು ವಾದ್ಯದವರ ಹೆಸರುಗಳಿರುವ ಒಳಹಾಳೆ ಇವನ್ನೂ ಜೊತೆಗೇ ದಾಖಲಿಸಬೇಕು. ನೆಚ್ಚಿನ ಹಾಡನ್ನು ಕಾಯುವ ಕೆಲಸವನ್ನು ಮೈಕ್ ಸೆಟ್ ಮಾಡಿದೆ, ಇನ್ನು ಮುಂದೆಯೂ ಮಾಡೀತು. ಇಡೀ ಕೃತಿಯನ್ನು ಕಾಯುವುದಕ್ಕೆ ಮಾತ್ರ ಅದನ್ನು ಮೊದಲಿಂದ ಕೊನೆಯವರೆಗೆ ಕೇಳುವವರು ಬೇಕು, ಸಾಲು ಕೇಳಿ ಬೆಳೆದ ಈ ಸೀಮೆಗೆ ಆ ಬಗೆಯ ಕೇಳ್ಮೆ ಹೊಸತೇನಲ್ಲ.